ಅರ್ಧ ಬೆಲೆಯ ಕಿಟಕಿ

ಆಫೀಸಿನಲ್ಲಿ ಅವನಿಗೆ ಕಾಯೋಣಪ್ಪ ಅಂತಲೇ ಹೆಸರು. ಯಾರು ಇಟ್ಟರೋ ಏನೋ, ಅವನ ಸ್ವಂತ ಹೆಸರನ್ನು ಹೆಂಡತಿಯೂ ಮರೆತ ಹಾಗಿದ್ದಳು. ಪ್ರವಾಸದ ಟಿಕೆಟ್ ಮಾಡಿಸಿಕೊಡುವ ಆ ಪುಟ್ಟ ಆಫೀಸಿನಲ್ಲಿ ಇದ್ದದ್ದು ಮೂರೇ ಮೇಜು. ಗೋಡೆಗೆ ಆತುಕೊಂಡ ಮೇಜು ಇವನದು, ಹಡಗಿನ ಪ್ರವಾಸವೆಲ್ಲ ಇವನ ಪಾಲು. ಗಿರಾಕಿ ಬಂದು ಕೂತು, ಇಂಥ ತಿಂಗಳು ಇಂಥ ಹಡಗು ಎಂದು ಬಾಯಿ ತೆರೆಯುವಷ್ಟರಲ್ಲಿ ಇವನು ಕನ್ನಡಕ ಹಣೆಗೇರಿಸಿ "ಕಾಯೋಣ" ಎಂದುಬಿಡುತ್ತಿದ್ದ.

ಸುಮ್ಮಸುಮ್ಮನೆ ಹೇಳುತ್ತಿರಲಿಲ್ಲ, ಅದು ಅವನ ವಿದ್ಯೆ. ಹಡಗಿನ ರೂಮು ಅಗ್ಗಕ್ಕೆ ಸಿಗುವುದು ಎರಡೇ ಹೊತ್ತಿನಲ್ಲಿ ಎಂದು ಬಂದವರಿಗೆಲ್ಲ ಪಾಠ ಮಾಡುತ್ತಿದ್ದ. ಕಂಪನಿಯವರು ಟಿಕೆಟ್ ಮಾರಲು ಶುರು ಮಾಡಿದ ಮೊದಮೊದಲಲ್ಲಿ, ಅಂದರೆ ಹೊರಡುವುದಕ್ಕೆ ಒಂದು ಒಂದೂವರೆ ವರ್ಷ ಮುಂಚೆಯೇ ಕೊಳ್ಳಬೇಕು. ಅದು ತಪ್ಪಿತೋ, ಬಾಯಿ ಮುಚ್ಚಿಕೊಂಡು ಕೂರಬೇಕು. ಮುಂಗಡ ಕೊಟ್ಟವರು ಬಾಕಿ ಕಟ್ಟಲು ಕೊನೆಯ ದಿನ ಅಂತ ಒಂದಿರುತ್ತದೆ, ಹೊರಡುವುದಕ್ಕೆ ಎರಡು ಮೂರು ತಿಂಗಳಿರುವಾಗ. ಆ ಹೊತ್ತಿಗೆ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಮದುವೆ ಮುರಿದವರು, ಕೆಲಸ ಕಳೆದುಕೊಂಡವರು, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದವರು. ಖಾಲಿ ರೂಮು ಹೊತ್ತುಕೊಂಡು ಹಡಗು ಹೊರಟರೆ ಕಂಪನಿಗೆ ನಷ್ಟವೇ ತಾನೆ, ಅಲ್ಲಿಂದ ಬೆಲೆ ಇಳಿಯಲು ಶುರು. ಶಾಲೆಗಳು ನಡೆಯುವ ತಿಂಗಳಾದರೆ ಇನ್ನೂ ಇಳಿಯುತ್ತದೆ. ಆಗ ಕೈ ಹಾಕಬೇಕು. ಪೂರ್ತಿ ಬೆಲೆ ಕೊಟ್ಟು ಹೋಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು, ತನ್ನ ಜೇಬಿಗೇ ಕತ್ತರಿ ಬಿದ್ದ ಹಾಗೆ.

ಅಂಥವನ ಎದುರು ಒಂದು ದಿನ ಅವನ ಅಕ್ಕನೇ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತಳು.

ಅಕ್ಕ ಬಟ್ಟೆ ಹೊಲಿಯುವವಳು. ಅಪ್ಪ ಅಮ್ಮ ಬೇಗ ಕಣ್ಮುಚ್ಚಿದ ಮೇಲೆ ಹೊಲಿಗೆ ಮೆಷಿನ್ನು ತುಳಿದು ತುಳಿದೇ ತಮ್ಮನನ್ನು ಓದಿಸಿದವಳು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಎರಡು ಬೀದಿ ಆಚೆ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದಳು. ಅವತ್ತು ಕಣ್ಣಿನ ಡಾಕ್ಟರ ಹತ್ತಿರದಿಂದ ನೇರ ಬಂದಿದ್ದಳು. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆಯಂತೆ, ಇನ್ನು ಔಷಧಿ ನಾಟುವುದಿಲ್ಲವಂತೆ, ಹೆಚ್ಚೆಂದರೆ ಒಂದು ವರ್ಷವಂತೆ. ಯಾರದೋ ತೋಳಿನ ಅಳತೆ ಹೇಳುವ ಹಾಗೆ ಇಷ್ಟನ್ನೂ ಹೇಳಿ ಮುಗಿಸಿದಳು.

"ಸಮುದ್ರ ನೋಡ್ಬೇಕು ಕಣೋ," ಎಂದಳು. "ದಡದಲ್ಲಿ ನಿಂತು ಅಲ್ಲ. ಸುತ್ತ ನೀರು ಬಿಟ್ರೆ ಇನ್ನೇನೂ ಇರಬಾರ್ದು. ಮಲಗಿದಲ್ಲಿಂದ್ಲೇ ಕಾಣೋ ಹಾಗೆ ಕಿಟಕಿ ಇರೋ ರೂಮು ಕೊಡ್ಸು. ದುಡ್ಡು ನಂದೇ ಇದೆ."

ಅವನು ಅಲ್ಲೇ ಎಲ್ಲರೆದುರು ಕಣ್ಣೊರೆಸಿಕೊಂಡ. ಕಣ್ಣೊರೆಸಿದ ಕೈ ಹಾಗೇ ಕಂಪ್ಯೂಟರಿಗೆ ಹೋಯಿತು ನೋಡಿ, ಎಡವಟ್ಟಾದದ್ದು ಅಲ್ಲಿ. ಮುಂದಿನ ತಿಂಗಳ ಹಡಗಿನಲ್ಲಿ ಕಿಟಕಿಯ ರೂಮು ಇತ್ತು. ಆದರೆ ರಜೆಯ ಕಾಲ, ಬೆಲೆ ಆಕಾಶಕ್ಕೇರಿತ್ತು. ಅಕ್ಕ ಸೂಜಿ ಹಿಡಿದು ಕೂಡಿಸಿಟ್ಟದ್ದೆಲ್ಲ ಒಂದೇ ವಾರಕ್ಕೆ ನೀರುಪಾಲು. ನಾಳೆ ಕಣ್ಣಿಲ್ಲದೆ ಕೂರುವವಳಿಗೆ ಕೈಯಲ್ಲಿ ನಾಲ್ಕು ಕಾಸು ಬೇಡವೇ? ಅವನು ಯೋಚಿಸಿದ್ದರಲ್ಲಿ ತಪ್ಪಿಲ್ಲ, ಯಾರಾದರೂ ಹಾಗೇ ಯೋಚಿಸುತ್ತಾರೆ. ಹತ್ತು ತಿಂಗಳು ಬಿಟ್ಟು ಹೊರಡುವ ಒಂದು ಹಡಗು ಅವನ ಕಣ್ಣಿಗೆ ಬಿತ್ತು. ಶಾಲೆಗಳು ನಡೆಯುವ ಕಾಲ, ಬೆಲೆ ಬಿದ್ದೇ ಬೀಳುತ್ತದೆ. ಡಾಕ್ಟರು ಕೊಟ್ಟದ್ದು ಒಂದು ವರ್ಷ, ಇನ್ನೂ ಎರಡು ತಿಂಗಳು ಕೈಯಲ್ಲಿ ಉಳಿಯುತ್ತದೆ. "ಹೆಚ್ಚೆಂದರೆ" ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಹಡಗಿನ ಕಂಪನಿ ಬಾಕಿಗೆ ಕೊನೆಯ ದಿನ ಗೊತ್ತು ಮಾಡಿದ ಹಾಗೆ ಡಾಕ್ಟರು ಕಣ್ಣಿಗೂ ಗೊತ್ತು ಮಾಡಿದ್ದಾರೆ ಎಂದುಕೊಂಡ ಮಹಾರಾಯ.

"ಕಾಯೋಣ ಅಕ್ಕ," ಎಂದ.

ಅವಳು ನಕ್ಕು, ನಿನಗೆ ಹೆಸರಿಟ್ಟವರು ಸರಿಯಾಗೇ ಇಟ್ಟಿದ್ದಾರೆ ಎಂದು ಎದ್ದು ಹೋದಳು.

ಅಂದಿನಿಂದ ಅವನು ದಿನ ಬೆಳಗಾದರೆ ಆ ಹಡಗಿನ ಬೆಲೆ ನೋಡುವುದು, ಭಾನುವಾರ ಅಕ್ಕನ ಮನೆಗೆ ಹೋಗಿ ವರದಿ ಒಪ್ಪಿಸುವುದು. ಆ ಮನೆ ಬರಬರುತ್ತಾ ಬದಲಾಗುತ್ತಿತ್ತು. ಇಟ್ಟ ವಸ್ತು ಇಟ್ಟಲ್ಲೇ ಇರಬೇಕು, ಇವನು ಸ್ಟೂಲನ್ನು ಒಂದು ಗೇಣು ಆಚೆ ಎಳೆದರೂ ಸಿಡುಕುತ್ತಿದ್ದಳು. ಕೈ ನೋವು ಎಂದು ಹೇಳಿ ಹೊಸ ಬಟ್ಟೆ ಹೊಲಿಯಲು ಒಪ್ಪಿಕೊಳ್ಳುವುದನ್ನು ಬಿಟ್ಟಳು. ಒಂದು ದಿನ ಹೆಂಡತಿ ಬಂದು, ಬಾಗಿಲಲ್ಲಿ ನಿಂತ ನನ್ನನ್ನು ನಾನು ಮಾತಾಡುವ ತನಕ ಅತ್ತಿಗೆ ಗುರುತು ಹಿಡಿಯಲಿಲ್ಲ ಎಂದು ಹೇಳಿದಾಗ ಇವನು ಅವಳ ಮೇಲೇ ಹರಿಹಾಯ್ದ. ಅಕ್ಕನನ್ನು ಕೇಳಿದರೆ, ಚೆನ್ನಾಗೇ ಕಾಣುತ್ತದೆ, ನಿನ್ನ ಬೊಕ್ಕತಲೆ ಮೊದಲಿಗಿಂತ ದೊಡ್ಡದಾಗೇ ಕಾಣುತ್ತಿದೆ ಎಂದು ಕಾಲೆಳೆಯುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಏಳನೆಯ ತಿಂಗಳಲ್ಲಿ ಒಂದು ಭಾನುವಾರ ಅವಳು ನಗಲಿಲ್ಲ. ಇವನು ಹೇಳುವುದನ್ನೆಲ್ಲ ಕೇಳಿ, ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ತೀಡುತ್ತಾ ಕೂತಿದ್ದಳು.

"ಈ ವಾರವೇ ಯಾವುದಾದ್ರೂ ಹಡಗಲ್ಲಿ ಹೋಗೋಕಾಗಲ್ವಾ? ಬೆಲೆ ಎಷ್ಟಾದ್ರೂ ಆಗ್ಲಿ."

ಒಂದೇ ಸಲ ಕೇಳಿದ್ದು ಅವಳು. ಇವನು ಕುರ್ಚಿಯ ತುದಿಗೆ ಬಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಬಾಕಿ ಕಟ್ಟುವ ಕೊನೆಯ ದಿನಕ್ಕೆ ಇನ್ನು ಮೂರೇ ವಾರ. ಇಷ್ಟು ದಿನ ಕಾದು ಈಗ ಕೈ ಚೆಲ್ಲಿದರೆ ಕಾದದ್ದೆಲ್ಲ ದಂಡ. ಅವಳು ಪೂರ್ತಿ ಕೇಳಿದಳು. ಸರಿ ಬಿಡು, ನಿನಗೆ ಗೊತ್ತಿರುತ್ತದೆ ಎಂದಳು.

ಮೂರು ವಾರದ ಮೇಲೆ ಬೆಲೆ ಇಳಿಯಿತು. ಆದರೆ ಅಷ್ಟಕ್ಕೇ ಕೈ ಹಾಕಿದರೆ ಕಾಯೋಣಪ್ಪ ಹೇಗಾದಾನು? ಇನ್ನೂ ಬೀಳುತ್ತದೆ ಎಂದು ಮತ್ತೆ ಕೂತ, ಅದು ಬಿದ್ದೂ ಬಿತ್ತು. ಹೊರಡಲು ಹದಿನೈದು ದಿನ ಇದೆ ಎನ್ನುವಾಗ ಕಿಟಕಿ ಇರುವ ರೂಮು ಅರ್ಧಕ್ಕಿಂತ ಕೆಳಗೆ ಬಂತು. ಕಿಟಕಿಯ ರೂಮಂತೂ ಖಾತ್ರಿ, ಯಾವುದು ಎಂಬುದು ಮಾತ್ರ ಕಂಪನಿಯ ಇಷ್ಟ ಎಂಬ ಕರಾರು. ಇವನು ಕಣ್ಣು ಮುಚ್ಚಿ ಒಪ್ಪಿಕೊಂಡು ಆಫೀಸಿಗೆಲ್ಲ ಕಾಫಿ ಕೊಡಿಸಿದ. ಅಕ್ಕನಿಗೆ ಫೋನು ಮಾಡಿದಾಗ ಅವಳು, ನೀನೂ ಜೊತೆಗೆ ಬರುತ್ತೀಯಲ್ಲ ಎಂದಷ್ಟೇ ಕೇಳಿದಳು.

ಹಡಗು ಹತ್ತುವಾಗ ಅಕ್ಕ ಅವನ ಮೊಣಕೈ ಬಿಡಲಿಲ್ಲ. ಜನ ಕಿಕ್ಕಿರಿದಿದ್ದಾರೆ, ಅದಕ್ಕೇ ಎಂದುಕೊಂಡ. ರೂಮಿನ ಕೀಲಿ ಕೈಗೆ ಬರುವಷ್ಟರಲ್ಲಿ ಹಡಗು ದಡ ಬಿಟ್ಟು ಗಂಟೆಯಾಗಿತ್ತು. ಪೆಟ್ಟಿಗೆ ಎಳೆದುಕೊಂಡು ಮೊದಲು ಒಳಗೆ ಹೋದವನು ಅವನೇ.

ಎರಡು ಮಂಚ, ನಡುವೆ ಒಂದು ಕಿಟಕಿ. ಕಿಟಕಿಯ ಆಚೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಗಾಜಿನ ಅಂಚಿಂದ ಅಂಚಿಗೆ ತುಂಬಿಕೊಂಡು, ಕಿತ್ತಳೆ ಬಣ್ಣದ ಲೈಫ್‌ಬೋಟು ತೂಗುಬಿದ್ದಿತ್ತು. ನೀರಿಲ್ಲ, ಆಕಾಶವಿಲ್ಲ, ಬೆಳಕು ಬರಲೂ ದಾರಿ ಇರಲಿಲ್ಲ. ಹೊರನೋಟಕ್ಕೆ ಅಡ್ಡಿ ಇರಬಹುದು ಎಂದು ಇಂಥ ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಿ ಎಂದು ನೂರು ಗಿರಾಕಿಗಳಿಗೆ ಬುದ್ಧಿ ಹೇಳಿದ್ದವನು ಇವನು. ತನ್ನ ಅಕ್ಕನ ಟಿಕೆಟ್ಟಿನಲ್ಲಿ ಬೆಲೆಯ ಹೊರತು ಇನ್ನೇನನ್ನೂ ಓದಿರಲಿಲ್ಲ. ತಪ್ಪಾಯಿತು ಅಕ್ಕ, ಡೆಕ್ಕಿಗೆ ಹೋಗೋಣ, ಬೇರೆ ರೂಮು ಕೇಳೋಣ ಎಂದು ಹೇಳಲು ತಿರುಗಿದ.

ಅಕ್ಕ ಆಗಲೇ ಗೋಡೆ ಸವರಿಕೊಂಡು, ಮಂಚದ ಅಂಚು ಹಿಡಿದುಕೊಂಡು ಮುಂದೆ ಬಂದಿದ್ದಳು. ಕೈಗೆ ಗಾಜು ತಗುಲಿತು. ಎರಡೂ ಅಂಗೈ ಅದಕ್ಕೆ ಒತ್ತಿ ಮುಖ ಹತ್ತಿರ ತಂದಳು.

"ಎಷ್ಟು ನೀಲಿ ನೋಡೋ," ಎಂದಳು. "ಕೊನೆಯೇ ಇಲ್ವಲ್ಲ ಇದಕ್ಕೆ."

ಅವನು ನಿಂತಲ್ಲೇ ನಿಂತ. ಕೈ ನೋವು, ಸ್ಟೂಲು, ಹೆಂಡತಿ ಹೇಳಿದ್ದು ಎಲ್ಲ ಒಟ್ಟಿಗೇ ಅರ್ಥವಾಯಿತು. ಅವಳು ಮುಚ್ಚಿಟ್ಟದ್ದು ಯಾಕೆ ಎನ್ನುವುದೂ ಅರ್ಥವಾಯಿತು. ತಮ್ಮ ಇಷ್ಟು ಕಾದು ಗೆದ್ದಿದ್ದಾನೆ, ಅವನ ಮುಖ ಚಿಕ್ಕದಾಗಬಾರದು ಎಂದು. ಬಟ್ಟೆಯ ಅಂಚು ತೀಡುತ್ತಾ ಕೇಳಿದ ಆ ಭಾನುವಾರ ಅವಳಿಗೆ ಇನ್ನೂ ಒಂದಿಷ್ಟು ಕಾಣುತ್ತಿತ್ತು. ಅದಕ್ಕೇ ಕೇಳಿದ್ದಳು. ಅವನಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಎನ್ನಿಸಿತು. ಅತ್ತರೆ ಅವಳಿಗೆ ಕೇಳಿಸುತ್ತದೆ ಎಂದು ಅಂಗಿಯ ತೋಳು ಕಚ್ಚಿಕೊಂಡ.

"ಅರ್ಧಕ್ಕೆ ಸಿಕ್ತು ಅಲ್ವಾ?" ಎಂದು ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು.

"ಅರ್ಧಕ್ಕಿಂತ ಕಡಿಮೆಗೆ ಅಕ್ಕ."

"ನೋಡು ಮತ್ತೆ. ನೀನು ಕಾದಿದ್ದೇ ಒಳ್ಳೇದಾಯ್ತು."

ಅವನು ಹೋಗಿ ಅವಳ ಪಕ್ಕದಲ್ಲಿ ನಿಂತ. ಆ ಕಿತ್ತಳೆ ಗೋಡೆಯ ಮೇಲೆ, ಒಳಗೆ ನೂರೈವತ್ತು ಜನ ಹಿಡಿಸುತ್ತಾರೆ ಎಂದು ಕಪ್ಪು ಅಕ್ಷರದಲ್ಲಿ ಬರೆದಿತ್ತು. ಅದನ್ನೇ ಎರಡು ಮೂರು ಸಲ ಓದಿದ.

"ಹೌದಕ್ಕ," ಎಂದ. "ತುಂಬಾ ನೀಲಿ ಇದೆ."