ಒಂಬತ್ತು ದಿನದ ತಿದ್ದುಪಡಿ

ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಜರಡಿ ಎಂದೇ. ಊಟ ಆಯ್ತು ಅಂದರೂ ಆಧಾರ ಕೇಳುವ ಆಸಾಮಿ ಎಂದು ನಗುತ್ತಿದ್ದರು. ಮೂರು ವರ್ಷ ಮೈಮುರಿದು ದುಡಿದು ಅವನು ಕಟ್ಟಿದ ತಂತ್ರಾಂಶ ಈಗ ಲಕ್ಷಾಂತರ ಜನರ ಫೋನಿನಲ್ಲಿತ್ತು. ಯಾವ ಸುದ್ದಿ ತೆರೆದರೂ ಮೂಲೆಯಲ್ಲೊಂದು ಗುರುತು ಬೀಳುತ್ತಿತ್ತು: ನಂಬಬಹುದಾದರೆ ಹಸಿರು, ಸುಳ್ಳಿನ ವಾಸನೆ ಬಂದರೆ ಕೆಂಪು. ಹಳೆಯ ಪತ್ರಿಕೆಗೆ ಹೆಚ್ಚು ಅಂಕ, ನಾಲ್ಕು ಕಡೆ ಬಂದ ಸುದ್ದಿಗೆ ಇನ್ನೂ ಹೆಚ್ಚು, ಒಂಟಿ ದನಿಗೆ ಕಡಿಮೆ. ಈ ಲೆಕ್ಕ ಅವನದೇ. ಯಾರೇ ಬಂದು ಕೇಳಲಿ, ಗುರುತನ್ನು ಕೈಯಿಂದ ತಿದ್ದುವಂತಿಲ್ಲ ಎಂಬ ನಿಯಮವನ್ನು ಹಟ ಹಿಡಿದು ಬರೆಸಿದವನೂ ಅವನೇ.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. ಅವಳು ತನ್ನ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದಳು.

"ಪೇಪರ್ ನೋಡ್ದೇನೋ? ಮಕ್ಕಳಿಗೆ ನಿದ್ದೆ ಔಷಧಿ ಕುಡಿಸಿ ಮಲಗಿಸ್ತೀನಂತೆ! ನನ್ನ ಗೇಟಿನ ಫೋಟೋ ಬೇರೆ ಹಾಕಿದಾರೆ. ಅದು ಒಂದು ಮಗೂಗೆ ಅಂತ ಅವರಮ್ಮನೇ ಕೊಟ್ಟುಹೋದ ಕೆಮ್ಮಿನ ಔಷಧಿ ಕಣೋ. ಆಕೆಯ ಚೀಟಿ ಸಮೇತ ನಾನೂ ನೆಟ್ಟಲ್ಲಿ ಬರೆದು ಹಾಕ್ದೆ. ನಿನ್ನ ಯಂತ್ರ ಅವರಿಗೆ ಹಸಿರು ಕೊಟ್ಟಿದೆ, ನನಗೆ ಕೆಂಪು."

ಅವನು ತಡವರಿಸಿದ. "ಅಕ್ಕಾ... ನೀನು ನಿಜವಾಗ್ಲೂ ಏನೂ ಕೊಟ್ಟಿಲ್ಲ ತಾನೆ?"

ಅಕ್ಕ ಫೋನ್ ಇಟ್ಟುಬಿಟ್ಟಳು.

ಮಧ್ಯಾಹ್ನದೊಳಗೆ ಆರು ಪತ್ರಿಕೆಗಳು ತಮ್ಮ ಜಾಲತಾಣಗಳಲ್ಲಿ ಅದನ್ನೇ ನಕಲು ಹೊಡೆದವು. ಒಂದೊಂದು ನಕಲಿಗೂ ಅಂಕ ಏರುತ್ತಲೇ ಹೋಯಿತು. ಅವನು ಮೇಲಧಿಕಾರಿಯ ಕೋಣೆಗೆ ನುಗ್ಗಿದ.

"ನಿಯಮ ಯಾರದ್ದು?" ಎಂದು ಆಕೆ ಕೇಳಿದಳು. "ಹೋದ ತಿಂಗಳು ಮಂತ್ರಿ ಕಡೆಯವರು ಬಂದಾಗ ನೀವೇ ಬಾಗಿಲು ತೋರಿಸಿ ಕಳಿಸಿದ್ರಿ. ಈಗ ನಿಮ್ಮಕ್ಕ ಅಂತ ತಿದ್ದೋಣ್ವಾ?"

ಅವನು ತನ್ನ ಮೇಜಿಗೆ ಮರಳಿದ. ತಿದ್ದುವ ದಾರಿ ಅವನ ಕೈಯಲ್ಲೇ ಇತ್ತು; ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಲೆಕ್ಕವನ್ನೇ ಸರಿಪಡಿಸಿದರೆ ಅಕ್ಕನಂಥವರೆಲ್ಲರಿಗೂ ನ್ಯಾಯ ಸಿಗುತ್ತದೆ ಎಂದುಕೊಂಡ. ನಕಲಿಗೆ ಅಂಕ ಬೇಡ, ಆರೋಪ ಹೊತ್ತವರ ಮಾತಿಗೂ ಜಾಗ ಬೇಕು ಎಂದು ಹೊರಟರೆ, ಒಂದು ಕಡೆ ಸರಿಹೋದದ್ದು ಇನ್ನೊಂದು ಕಡೆ ಕೆಡುತ್ತಿತ್ತು. ಅಕ್ಕ ಫೋನ್ ಎತ್ತಲಿಲ್ಲ. ಮುಗಿಸಿಕೊಂಡೇ ಮುಖ ತೋರಿಸುತ್ತೇನೆ ಎಂದು ಅವನೂ ಆ ಕಡೆ ಹೋಗಲಿಲ್ಲ.

ಒಂಬತ್ತನೆಯ ದಿನ ಲೆಕ್ಕ ಸರಿಹೋಯಿತು. ಅಷ್ಟರಲ್ಲಿ ಪೊಲೀಸರು ಅಕ್ಕನ ಮನೆಯಿಂದ ಒಯ್ದಿದ್ದ ಬಾಟಲಿಯ ಪ್ರಯೋಗಾಲಯದ ವರದಿ ಬಂದು, ಅದರಲ್ಲಿದ್ದದ್ದು ಕೆಮ್ಮಿನ ಔಷಧಿಯೇ ಎಂದು ಪತ್ರಿಕೆ ಏಳನೆಯ ಪುಟದಲ್ಲಿ ನಾಲ್ಕು ಸಾಲು ಹಾಕಿ ಕೈತೊಳೆದುಕೊಂಡಿತ್ತು. ಅವನು ಅಕ್ಕನ ಮನೆಗೆ ಓಡಿದ.

ಕೆಳಗಿನ ಕೋಣೆಗಳಲ್ಲಿ ಒಂದು ಮಗುವೂ ಇರಲಿಲ್ಲ. ಅಕ್ಕ ಪುಟ್ಟ ಪುಟ್ಟ ಹಾಸಿಗೆಗಳನ್ನು ಮಡಚಿ ಹಗ್ಗ ಬಿಗಿಯುತ್ತಿದ್ದಳು.

"ಈಗ ಸರಿಯಾಗಿದೆ ಅಕ್ಕಾ. ಇಲ್ನೋಡು, ಪೇಪರಿನವರದ್ದು ಕೆಂಪಾಗಿದೆ."

ಅವಳು ತಿರುಗಿಯೂ ನೋಡಲಿಲ್ಲ. "ಮೊದಲೆರಡು ದಿನ ಏಳು ಮಕ್ಕಳು ಬರ್ತಿದ್ವು ಕಣೋ. ಅವರ ಅಪ್ಪ ಅಮ್ಮ ಪೇಪರ್ ನಂಬಿರ್ಲಿಲ್ಲ. ಆಮೇಲೆ ಒಬ್ಬಳು ಕೇಳಿದಳು, 'ಇಂಥಾ ಹೊತ್ತಲ್ಲೂ ನಿಮ್ಮ ತಮ್ಮ ಈ ಕಡೆ ತಲೆ ಹಾಕಿಲ್ವಲ್ಲ, ನಿಜ ಸುಳ್ಳು ಅವರಿಗಿಂತ ಇನ್ಯಾರಿಗೆ ಗೊತ್ತಿರುತ್ತೆ?' ಅಂತ. ನಾನೇನು ಹೇಳ್ಲಿ? ಮಾರನೇ ದಿನದಿಂದ ಯಾರೂ ಬರ್ಲಿಲ್ಲ."

"ನಿನಗೋಸ್ಕರಾನೇ ಕೂತಿದ್ದೆ ಅಕ್ಕಾ, ಊಟ ನಿದ್ದೆ ಬಿಟ್ಟು."

"ಇರಬಹುದು."

ಅವನು ಬಗ್ಗಿ ಒಂದು ಹಾಸಿಗೆಯ ತುದಿ ಹಿಡಿದ. ಅವಳು ಅದನ್ನು ಮೆಲ್ಲಗೆ ಬಿಡಿಸಿಕೊಂಡು, "ಬಿಡು, ನಾನೊಬ್ಬಳೇ ಮಾಡ್ಕೋತೀನಿ. ನೀನು ಹೋಗು, ಕೆಲಸ ಇರುತ್ತೆ" ಎಂದಳು.