ಕತ್ತಿಲ್ಲದ ಬಾತುಕೋಳಿಗಳು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಮಾವನಿಗೆ ಯಾವ ಕಾಲ ಎಂದು ಹೇಳುವ ಗೋಜಿಗೆ ಗಾದೆ ಕಟ್ಟಿದವರು ಹೋಗಲೇ ಇಲ್ಲ. ಅದಕ್ಕೇ ಇರಬೇಕು, ಬಸ್ ಡ್ರೈವರ್ ಕೆಲಸದಿಂದ ನಿವೃತ್ತರಾಗಿ ಮನೆ ಸೇರಿದ ಮಾವನಿಗೆ ಎಲ್ಲಿ ಕೂರಬೇಕೆಂದೇ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಕೂತರೆ ಹೆಂಡತಿಗೆ ಅಡ್ಡ, ಬಾಗಿಲಲ್ಲಿ ಕೂತರೆ ಹೋಗುವವರಿಗೂ ಬರುವವರಿಗೂ ಅಡ್ಡ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಮಾವ ಮನೆಯ ಬಾಗಿಲುಗಳ ಕೀಲಿಗೆಲ್ಲ ಎಣ್ಣೆ ಬಿಟ್ಟರು, ಬಿಟ್ಟಿದ್ದಕ್ಕೇ ಮತ್ತೆ ಬಿಟ್ಟರು. ಕೊನೆಗೆ ಯಾವ ಬಾಗಿಲೂ ಮುಚ್ಚಿದರೆ ಮುಚ್ಚಿದ ಹಾಗೆ ಇರದೆ ತಾನೇ ತೆರೆದುಕೊಳ್ಳತೊಡಗಿತು.

"ಇವರನ್ನ ನಿನ್ನ ಮಗ್ಗದ ಕೋಣೆಗೆ ಕರ್ಕೊಂಡು ಹೋಗಮ್ಮ," ಎಂದು ಮಾವನ ಹೆಂಡತಿ ಸೊಸೆಗೆ ಹೇಳಿದರು. "ಏನಾದ್ರೂ ಕೆಲಸ ಕೊಡು. ಇಲ್ದಿದ್ರೆ ನಾಳೆ ನನ್ನ ಮಂಡಿಗೂ ಎಣ್ಣೆ ಬಿಡ್ತಾರೆ."

ಸೊಸೆ ಡಮಾಸ್ಕ್ ಬಟ್ಟೆ ನೇಯುವವಳು. ಈ ಮನೆಗೆ ಬರುವ ಮೊದಲೂ ನೇಯುತ್ತಿದ್ದಳು, ಬಂದ ಮೇಲೂ ನೇಯುತ್ತಿದ್ದಳು. ಈಗ ಅವಳ ತಲೆಗೂದಲಲ್ಲೇ ಅಲ್ಲಲ್ಲಿ ಬಿಳಿ ಎಳೆ ಕಾಣಿಸುತ್ತಿತ್ತು. ಮನೆಯ ಹಿಂಬದಿಯ ಉದ್ದನೆಯ ಕೋಣೆಯನ್ನು ಅವಳ ಮಗ್ಗ ಪೂರ್ತಿ ತುಂಬಿಕೊಂಡಿತ್ತು. ಗೋಡೆಗೂ ಅದಕ್ಕೂ ನಡುವೆ ಒಬ್ಬರು ಹೊಟ್ಟೆ ಎಳೆದುಕೊಂಡು ನಡೆಯುವಷ್ಟು ಜಾಗ. ಮಾವ ಹೊಟ್ಟೆ ಎಳೆದುಕೊಂಡೇ ಒಳಗೆ ಬಂದು, ಮಗ್ಗದ ಮೇಲಿದ್ದ ಬಟ್ಟೆ ನೋಡಿದರು. ಬಿಳಿ ನೂಲು, ಬಿಳಿ ಬಟ್ಟೆ, ಅದರಾಚೆ ಏನೂ ಇಲ್ಲ.

"ಇಷ್ಟು ದೊಡ್ಡ ಮಗ್ಗ ಇಟ್ಕೊಂಡು ಬೆಡ್‌ಶೀಟ್ ನೇಯ್ತೀಯಾ?"

"ಬಾತುಕೋಳಿ ಇದೆ ನೋಡಿ ಮಾವ."

"ಎಲ್ಲಿ?"

ಸೊಸೆ ಎದ್ದು ಒಂದು ಕಿಟಕಿ ಮುಚ್ಚಿ ಇನ್ನೊಂದನ್ನು ತೆರೆದಳು. ಮಾವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಸ್ವಲ್ಪ ಬಗ್ಗಿಸಿದಳು. ಬಟ್ಟೆಯ ತುಂಬ ಸಾಲುಸಾಲಾಗಿ ಬಾತುಕೋಳಿಗಳು ನಿಂತಿದ್ದವು. ಮಾವ ಬೆಚ್ಚಿ ನೇರವಾದರು, ಬಾತುಕೋಳಿಗಳು ಮಾಯವಾದವು. ಮತ್ತೆ ಬಗ್ಗಿದರು, ಮತ್ತೆ ಬಂದವು. ಹೀಗೆ ಎದ್ದು ಬಗ್ಗಿ ಎದ್ದು ಬಗ್ಗಿ ಅವರ ಸೊಂಟ ಹಿಡಿದುಕೊಂಡಿತು.

ಗುಟ್ಟೇನೂ ದೊಡ್ಡದಲ್ಲ. ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ಎಳೆ ಹೊಕ್ಕು. ಹಾಸು ಮೇಲೆ ಬಂದ ಕಡೆ ಬಟ್ಟೆ ಮಿನುಗುತ್ತದೆ, ಹೊಕ್ಕು ಮೇಲೆ ಬಂದ ಕಡೆ ಮಂಕಾಗುತ್ತದೆ. ಎರಡೂ ಒಂದೇ ಬಿಳಿ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ.

"ಬಣ್ಣದ ನೂಲು ಹಾಕಿದ್ರೆ ಎಲ್ರಿಗೂ ಕಾಣ್ಸುತ್ತಲ್ಲಮ್ಮ?"

"ಎಲ್ರಿಗೂ ಕಾಣ್ಲಿ ಅನ್ನೋದಾದ್ರೆ ಗೋಡೆಗೆ ಪೇಂಟ್ ಹೊಡೀಬಹುದಲ್ಲ ಮಾವ."

ಅವತ್ತೇ ಮಾವ ಕೆಲಸಕ್ಕೆ ಸೇರಿದರು. ಮಗ್ಗದ ಮೇಲಿನಿಂದ ದಾರಗಳ ಒಂದು ದೊಡ್ಡ ಗೊಂಚಲು ಇಳಿಬಿದ್ದಿತ್ತು. ಚಿತ್ರದ ಒಂದೊಂದು ಸಾಲಿಗೂ ಬೇರೆ ಬೇರೆ ದಾರ ಎಳೆಯಬೇಕು. ಎಳೆದಾಗ ಹಾಸಿನ ಬೇಕಾದ ಎಳೆಗಳಷ್ಟೇ ಮೇಲೇಳುತ್ತವೆ. ಇಷ್ಟು ದಿನ ಸೊಸೆ ತಾನೇ ಎಳೆದು ತಾನೇ ನೇಯುತ್ತಿದ್ದಳು. ಈಗ ಮಾವ ಪಕ್ಕದಲ್ಲಿ ಕೂತು ಅವಳು ಹೇಳಿದಾಗ ಎಳೆಯಬೇಕು.

"ಅಂದ್ರೆ ನಾನು ಕಂಡಕ್ಟರ್," ಎಂದರು ಮಾವ, ಮುಖ ಸಣ್ಣದು ಮಾಡಿಕೊಂಡು.

"ಹೌದು ಮಾವ."

"ಜೀವಮಾನ ಪೂರ್ತಿ ಸ್ಟೇರಿಂಗ್ ಹಿಡಿದವನು ಕಣಮ್ಮ ನಾನು. ಕಂಡಕ್ಟರುಗಳು ನನ್ನ ಕಂಡ್ರೆ ನಡುಗ್ತಿದ್ರು."

"ಬಸ್ಸು ನನ್ನದು," ಎಂದಳು ಸೊಸೆ. "ದಾರ ಹಿಡ್ಕೊಳ್ಳಿ."

ಮಾವ ದಾರ ಹಿಡಿದರು. ಆದರೆ ಕಣ್ಣೆಲ್ಲ ಸೊಸೆ ಕೂರುವ ಹಲಗೆಯ ಮೇಲೆ. ಕಾಲ ಕೆಳಗೆ ತುಳಿಯುವ ಪಟ್ಟಿಗಳು, ಎದುರಿಗೆ ಎರಡು ಕೈಯಲ್ಲೂ ಹಿಡಿಯುವ ಚೌಕಟ್ಟು: ಅದು ಡ್ರೈವರ್ ಸೀಟೇ, ಅನುಮಾನವೇ ಇಲ್ಲ. ಬಸ್ಸು ಓಡಿಸುತ್ತಿದ್ದಾಗ ಪ್ರತಿ ಸ್ಟಾಪಿನಲ್ಲೂ ಜನ ಕತ್ತು ಚಾಚಿ ಅವರ ದಾರಿ ನೋಡುತ್ತಿದ್ದರು. ಬೈಯುತ್ತಿದ್ದರೂ ಸರಿಯೇ, ಕಾಯುತ್ತಿದ್ದರು. ಈಗ ಅವರು ಬಂದರೆಷ್ಟು ಬಿಟ್ಟರೆಷ್ಟು. ಇದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು, ಹೆಂಡತಿಗೂ ಹೇಳಿರಲಿಲ್ಲ. ಆ ಹಲಗೆಯ ಮೇಲೆ ಕೂತು ತಾವೇ ಒಂದು ಬಟ್ಟೆಯನ್ನು ಊರು ಮುಟ್ಟಿಸಿದರೆ ಮತ್ತೆ ಮನುಷ್ಯನಾದಂತೆ ಎಂದು ಅವರಿಗೆ ಅನಿಸಿಬಿಟ್ಟಿತ್ತು.

ಸೊಸೆಯ ನಿಯಮ ಎರಡೇ. ಕಾಣದವರು ನೇಯಬಾರದು. ಒಂದು ಬಟ್ಟೆಗೆ ಒಂದೇ ಕೈ.

ಮೊದಲನೆಯದರಲ್ಲಿ ಮಾವ ದಿನವೂ ಫೇಲಾಗುತ್ತಿದ್ದರು. ಸಂಜೆ ಕೆಲಸ ಮುಗಿದ ಮೇಲೆ ಸೊಸೆ ಹಳೆಯ ತುಂಡೊಂದನ್ನು ಹರಡಿ, ತಪ್ಪು ಎಲ್ಲಿದೆ ತೋರಿಸಿ ಎನ್ನುತ್ತಿದ್ದಳು. ಮಾವ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಧೈರ್ಯವಾಗಿ ಒಂದು ಕಡೆ ಬೆರಳಿಡುತ್ತಿದ್ದರು.

"ಇಲ್ಲಿ."

"ಅದು ನಿಮ್ಮ ಕನ್ನಡಕದ ಮೇಲಿರೋ ಕಲೆ ಮಾವ."

ಎರಡನೆಯ ನಿಯಮಕ್ಕೆ ಕಾರಣ ಆ ಎದುರಿನ ಚೌಕಟ್ಟು. ಲಾಳಿ ಒಮ್ಮೆ ಹಾಯ್ದ ಮೇಲೆ ಅದನ್ನು ಎಳೆದು ಹೊಕ್ಕನ್ನು ಬಡಿದು ಕೂರಿಸಬೇಕು. ಒಬ್ಬೊಬ್ಬರ ಕೈಭಾರ ಒಂದೊಂದು. ಜೋರಾಗಿ ಬಡಿದರೆ ಬಾತುಕೋಳಿ ಕುಳ್ಳಗಾಗುತ್ತದೆ, ಮೆತ್ತಗೆ ಬಡಿದರೆ ಉದ್ದವಾಗುತ್ತದೆ. ನಡುವೆ ಕೈ ಬದಲಾದರೆ ಬಟ್ಟೆಗೆ ಪಟ್ಟಿ ಬೀಳುತ್ತದೆ.

"ಈ ಬಟ್ಟೆ ಮಗ್ಗದಿಂದ ಇಳಿಯೋ ಹೊತ್ತಿಗೆ ನಿಮಗೆ ಕಣ್ಣು ಬಂದ್ರೆ, ನಿಮಗೇ ಅಂತ ಒಂದು ಸಣ್ಣ ಹಾಸು ಹೂಡಿ ಕೊಡ್ತೀನಿ," ಎಂದಿದ್ದಳು ಸೊಸೆ. "ಅಲ್ಲೀವರೆಗೆ ಈ ಹಲಗೆ ಮೇಲೆ ಕೂತ್ರೋ, ಕೋಣೆಯಿಂದಲೇ ಆಚೆ."

ಮಗ್ಗದ ಮೇಲಿದ್ದುದು ಹೊಸ ಹೋಟೆಲೊಂದರ ಉದ್ದ ಮೇಜಿಗೆ ಹಾಸುವ ಬಟ್ಟೆ. ಹೋಟೆಲಿನವರು ಬೇಗ ಬೇಗ ಎಂದು ಪೀಡಿಸುತ್ತಿದ್ದರು. ಒಂದು ಮಧ್ಯಾಹ್ನ ಸೊಸೆ ನೂಲು ತರಲು ಅಂಗಡಿಗೆ ಹೋದಳು. ಮಾವ ಕೋಣೆಯಲ್ಲಿ ಒಬ್ಬರೇ ಉಳಿದರು. ಖಾಲಿ ಸೀಟು, ಗಾಡಿ ನಿಂತಿದೆ, ಟೈಮ್ ಆಗಿದೆ. ಸೊಸೆಗೆ ಒಂದಿಷ್ಟು ಸಹಾಯ ಮಾಡಿದರೆ ತಪ್ಪೇನು ಎಂದು ಅವರು ತಮ್ಮನ್ನೇ ಕೇಳಿಕೊಂಡು, ತಪ್ಪೇನಿಲ್ಲ ಎಂದು ತಾವೇ ಹೇಳಿಕೊಂಡು, ಹೋಗಿ ಕೂತುಬಿಟ್ಟರು.

ಸೊಸೆ ಒಂದು ಸಾಲು ಬಾತುಕೋಳಿಗಳನ್ನು ತಲೆಯವರೆಗೂ ಮುಗಿಸಿ ಹೋಗಿದ್ದಳು. ಮುಂದಿನ ಸಾಲನ್ನು ಕಾಲಿನಿಂದ ಹಿಡಿದು ತಲೆಯವರೆಗೆ ನೇಯ್ದು ನಿಲ್ಲಿಸಿದರೆ ಬಿಟ್ಟಲ್ಲಿಯೇ ಬಿಟ್ಟಂತೆ ಕಾಣುತ್ತದೆ. ಸೊಸೆಗೆ ಗೊತ್ತಾಗುವುದೇ ಇಲ್ಲ. ದಾರ ಎಳೆಯುವವರೂ ಅವರೇ, ತುಳಿಯುವವರೂ ಅವರೇ. ಕಾಲುಗಳು ಸೊಗಸಾಗಿ ಬಂದವು. ಹೊಟ್ಟೆಯೂ ಬಂತು. ಮಾವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಕತ್ತಿನ ಹತ್ತಿರ ಬಂದಾಗ ಬೀದಿಯಲ್ಲಿ ಯಾರೋ ಹಾರನ್ ಹೊಡೆದರು. ಮಾವನ ಕಾಲು ತಾನಾಗಿ ಒತ್ತಿತು, ಕೈ ಚೌಕಟ್ಟನ್ನು ಜಗ್ಗಿ ಬಡಿಯಿತು. ಹಳೆಯ ಅಭ್ಯಾಸ, ಬ್ರೇಕು. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಬ್ರೇಕು. ಬೆಕ್ಕು ಕಿಟಕಿಯಿಂದ ಹಾರಿತು, ಬ್ರೇಕು. "ರೀ, ಮಲಗಿದೀರಾ?" ಎಂದು ಹೆಂಡತಿ ಕೂಗಿದಾಗಲಂತೂ ಗಾಡಿ ಜಖಂ ಆಗುವಷ್ಟು ಜೋರು ಬ್ರೇಕು. ಹೇಗೋ ತಲೆಯವರೆಗೆ ಮುಗಿಸಿ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡು ತಿರುಗಿಸಿ ಆ ಸಾಲನ್ನು ಮಗ್ಗದ ಕೆಳಗೆ ಕಳಿಸಿ, ತಮ್ಮ ಜಾಗಕ್ಕೆ ಬಂದು ಏನೂ ಅರಿಯದ ಮಗುವಿನಂತೆ ಕೂತರು.

ಸೊಸೆಗೆ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಮುಂದಿನ ಸಾಲು ಶುರುಮಾಡಿದಳು. ಮಾವನಿಗೆ ಹಾಲು ಕುಡಿದಷ್ಟು ಸಂತೋಷ. ಹೋಟೆಲಿನ ಮೇಜಿನ ಮೇಲೆ ತಮ್ಮದೂ ಒಂದು ಸಾಲು ಇರುತ್ತದೆ. ಯಾವತ್ತಾದರೂ ಹೋಗಿ ಅದೇ ಸಾಲಿನ ಮುಂದೆ ಕೂತು ಕಾಫಿ ಕುಡಿಯಬೇಕು ಎಂದುಕೊಂಡರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೂಲಿನ ಉಂಡೆಯೊಂದು ಜಾರಿ ಮಗ್ಗದ ಕೆಳಗೆ ಉರುಳಿತು. ಮಾವ ತೆವಳಿಕೊಂಡು ಹೋದರು. ಪಕ್ಕದ ಕಿಟಕಿಯಿಂದ ಬಿಸಿಲು ನೆಲದುದ್ದಕ್ಕೂ ಬಿದ್ದಿತ್ತು. ಉಂಡೆ ಕೈಗೆ ಸಿಕ್ಕಿತು, ತಲೆ ಎತ್ತಿದರು. ದಿಂಡಿಗೆ ಇಳಿಯುತ್ತಿದ್ದ ಬಟ್ಟೆ ಅವರ ಮೂಗಿನ ಮುಂದೆಯೇ ಇತ್ತು.

ಅದರ ಮೇಲೆ ಒಂದು ಸಾಲು ಬಾತುಕೋಳಿಗಳಿಗೆ ಕತ್ತೇ ಇರಲಿಲ್ಲ. ಹೊಟ್ಟೆಯ ಮೇಲೆ ನೇರವಾಗಿ ತಲೆ ಕೂತಿತ್ತು. ಎಲ್ಲವೂ ಏಟು ತಿಂದು ಮುದುರಿಕೊಂಡಂತಿದ್ದವು. ಯಾರೂ ಬೆರಳಿಟ್ಟು ತೋರಿಸಬೇಕಾಗಿರಲಿಲ್ಲ. ಹಾರನ್ ಯಾವುದು, ಕುಕ್ಕರ್ ಯಾವುದು, ಬೆಕ್ಕು ಯಾವುದು ಎಂದು ಕೂಡ ಮಾವನಿಗೆ ಕಂಡಿತು.

"ಮಾವ, ಎಳೀರಿ," ಎಂದಳು ಸೊಸೆ ಮೇಲಿನಿಂದ.

ಮಾವ ಹೊರಬಂದು ದಾರ ಎಳೆದರು. ಲಾಳಿ ಹಾಯ್ದಿತು, ಚೌಕಟ್ಟು ಬಡಿಯಿತು. ಕತ್ತಿಲ್ಲದ ಸಾಲನ್ನು ತೆಗೆಯಬೇಕಾದರೆ ಅದರ ಮೇಲೆ ನೇಯ್ದದ್ದನ್ನೂ ಬಿಚ್ಚಬೇಕು. ಅವರು ಬಾಯಿ ಮುಚ್ಚಿಕೊಂಡಿದ್ದಷ್ಟು ಹೊತ್ತೂ ಬಿಚ್ಚುವ ಕೆಲಸ ಬೆಳೆಯುತ್ತಲೇ ಇತ್ತು. ಹೇಳಿದರೆ ಕೋಣೆಯಿಂದ ಆಚೆ. ಮತ್ತೆ ಅದೇ ಬಾಗಿಲು, ಅದೇ ಎಣ್ಣೆ. ಹೇಳದಿದ್ದರೆ ಹೋಟೆಲಿನಲ್ಲಿ ಒಂದು ಸಂಜೆ ಯಾರೋ ಕಿಟಕಿ ಪಕ್ಕ ಕೂತು, ಇದನ್ನು ನೇಯ್ದವಳು ಕುರುಡಿಯಾ ಎಂದು ಕೇಳುತ್ತಾರೆ.

"ಎಳೀರಿ."

ಎಳೆದರು.

"ಎಳೀರಿ ಮಾವ. ನಿದ್ದೆನಾ?"

"ಗಾಡಿ ನಿಲ್ಲಿಸಮ್ಮ," ಎಂದರು ಮಾವ. "ಹಿಂದಿನ ಸ್ಟಾಪಲ್ಲಿ ಒಂದಿಷ್ಟು ಬಾತುಕೋಳಿಗಳ ಕತ್ತು ಬಿಟ್ಟು ಬಂದುಬಿಟ್ಟಿದೀನಿ."

ಸೊಸೆ ನಗಲಿಲ್ಲ. ಇಳಿದು, ಮಗ್ಗದ ಕೆಳಗೆ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ಮಾವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅದೇ ಸಾಕಾಗಿತ್ತು.

"ನನಗೆ ಕೋಪ ಬಂದಿದೆ ಮಾವ," ಎಂದಳು ಎದ್ದು. "ತುಂಬಾ ಕೋಪ ಬಂದಿದೆ. ಹಲಗೆ ಮೇಲೆ ಕೂರಬೇಡಿ ಅಂತ ಒಂದೇ ಒಂದು ಮಾತು ಹೇಳಿದ್ದೆ."

"ಹೌದಮ್ಮ."

"ಯಾರು ತೋರಿಸಿದ್ರು ನಿಮಗೆ?"

"ಯಾರೂ ಇಲ್ಲ. ಕಾಣಿಸ್ತು."

ಅವಳು ದಿಂಡಿನ ಹಿಡಿ ಸಡಿಲಿಸಿ, ನೇಯ್ದ ಬಟ್ಟೆಯನ್ನೆಲ್ಲ ಹೊರಗೆಳೆದು ಬಿಸಿಲಿಗೆ ಹಿಡಿದಳು, ಬೇರೆಲ್ಲೂ ಇಂಥದ್ದು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಮಾವ ಇನ್ನೊಂದು ತುದಿ ಹಿಡಿದರು. ಇನ್ನೆಲ್ಲೂ ಕೈ ಹಾಕಿಲ್ಲ ಎಂದು ಆಣೆ ಮಾಡಲು ಬಾಯಿ ತೆರೆದವರು ಹಾಗೇ ನಿಂತರು.

"ಅಮ್ಮಾ, ಇದೊಂದು ಸಾಲು ನೋಡು. ಇದು ನನ್ನದಲ್ಲ."

ಬಟ್ಟೆಯ ಮೊದಮೊದಲ ಭಾಗದಲ್ಲಿ ಒಂದು ಸಾಲು ಬಾತುಕೋಳಿಗಳಿಗೆ ಕತ್ತು ಕೊಂಚ ಉದ್ದವಾಗಿತ್ತು. ಕೂದಲೆಳೆಯಷ್ಟೇ. ಯಾರೋ ಬರುವುದನ್ನು ಇಣುಕಿ ನೋಡುತ್ತಿದ್ದಂತೆ ನಿಂತಿದ್ದವು.

"ಅದೂ ಕಂಡಿತಾ ನಿಮಗೆ?" ಎಂದಳು ಸೊಸೆ. ಧ್ವನಿಯಲ್ಲಿದ್ದ ಕೋಪ ಅರ್ಧಕ್ಕೆ ಇಳಿದಿತ್ತು. "ನಿಮ್ಮ ಮಗನಿಗೆ ಬೆರಳಿಟ್ಟು ತೋರಿಸಿದ್ರೂ ಕಾಣ್ಲಿಲ್ಲ."

"ಯಾರು ಮಾಡಿದ್ದಿದು?"

"ನಾನೇ."

"ನೀನಾ? ನಿನ್ನ ಕೈ ತಪ್ಪಲ್ವಲ್ಲ."

"ನೀವು ಈ ಕೋಣೆಗೆ ಬರೋ ಮೊದಲು ಬಲ್ಬ್ ಹಾಕೋಕೆ ಹೋಗಿ ಏಣಿಯಿಂದ ಬಿದ್ದಿರಲ್ಲ, ಆವತ್ತಿನದು. ಎಲ್ರೂ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ನಾನೊಬ್ಬಳೇ ಮನೇಲಿ. ಸುಮ್ನೆ ಕೂರಕ್ಕಾಗದೆ ನೇಯೋಕೆ ಕೂತೆ. ಕೈ ಇಲ್ಲಿತ್ತು, ಕಿವಿ ಫೋನ್ ಹತ್ರ ಇತ್ತು. ಬಡಿದ್ರೆ ರಿಂಗ್ ಆಗೋದು ಕೇಳಿಸಲ್ಲ ಅಂತ ಮೆತ್ತಗೆ ಬಡಿದಿದೀನಿ."

ಆ ದಿನ ಮಾವನಿಗೆ ನೆನಪಿತ್ತು. ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮನೆಗೆ ಬಂದಾಗ ಸೊಸೆ ಬಾಗಿಲಲ್ಲೇ ನಿಂತು, ಈ ವಯಸ್ಸಲ್ಲಿ ಏಣಿ ಹತ್ತಬೇಕಿತ್ತಾ ಎಂದು ಮುಖಕ್ಕೆ ಮಂಗಳಾರತಿ ಎತ್ತಿದ್ದಳು. ಮನೆಗೆ ಬಂದದ್ದೇ ತಪ್ಪಾಯಿತು ಎಂದು ಅವರು ಅವತ್ತೆಲ್ಲ ಮುಖ ಊದಿಸಿಕೊಂಡಿದ್ದರು. ಈಗ ಆ ಸಾಲನ್ನು ನೋಡಿದರು. ತಾವು ಬರುವುದನ್ನು ಇಷ್ಟೊಂದು ಬಾತುಕೋಳಿಗಳು ಕಾದಿದ್ದವು. ಮಾವನಿಗೆ ಅಳು ಬಂತು, ಸೊಸೆಯ ಎದುರಿಗೇ ಅತ್ತರು. ಆಮೇಲೆ ಮೂಗು ಒರೆಸಿಕೊಂಡರು.

"ಹಾಗಾದ್ರೆ ಇದನ್ನೂ ಬಿಚ್ಚಬೇಕಲ್ವಾ? ನಿಯಮ ಅಂದ್ರೆ ನಿಯಮ."

"ಒಂದು ಬಟ್ಟೆಗೆ ಒಂದು ಕೈ ಅಂದಿದ್ದು. ಕೈ ನನ್ನದೇ ಇತ್ತು. ಅದು ಇರ್ಲಿ," ಎಂದಳು ಸೊಸೆ. "ನಿಮ್ಮದು ಮಾತ್ರ ಇರೋ ಹಾಗಿಲ್ಲ. ಹತ್ತಿ, ಕೂತ್ಕೊಳ್ಳಿ."

"ಎಲ್ಲಿ?"

"ಇನ್ನೆಲ್ಲಿ? ಬಿಚ್ಚೋದು ಕೆಳಗೆ ಕೂತು ಆಗಲ್ಲ. ನೇಯ್ದ ಹಾಗೇ ತುಳೀಬೇಕು, ಕೊನೆಯಿಂದ ಮೊದಲಿಗೆ. ನಾನು ದಾರ ಎಳೀತೀನಿ."

ಮಾವ ಹಲಗೆಯ ಮೇಲೆ ಕೂತರು. ಸೊಸೆ ಪಕ್ಕದಲ್ಲಿ ಕೂತು ದಾರ ಎಳೆದಳು. ಅವರು ತುಳಿದು, ಲಾಳಿ ಬಿಟ್ಟು ಹೋದ ಎಳೆಯನ್ನು ಬೆರಳಿನಿಂದ ಮೆಲ್ಲಗೆ ಹೊರಗೆಳೆದರು. ಮೊದಲು ಹೋಗಬೇಕಾದದ್ದು ಸೊಸೆಯ ಒಳ್ಳೆಯ ಕೆಲಸವೇ. ಅದರ ಒಂದೊಂದು ಎಳೆಯನ್ನೂ ಅವರು ಗಂಟು ಬೀಳದಂತೆ ಉಂಡೆಗೆ ಸುತ್ತಿದರು. ಬೀದಿಯಲ್ಲಿ ಯಾರೋ ಹಾರನ್ ಹೊಡೆದರು, ಅವರಿಗೆ ಕೇಳಿಸಲಿಲ್ಲ.

"ಇದು ಇಳಿದ ಮೇಲೆ ನಿಮ್ಮ ಹಾಸು ಹೂಡೋಣ," ಎಂದಳು ಸೊಸೆ, ದಾರದಿಂದ ಕಣ್ಣು ತೆಗೆಯದೆ. "ಏನು ಹಾಕೋಣ ಅದರಲ್ಲಿ?"

"ಕತ್ತಿಲ್ಲದ್ದು ಏನಾದ್ರೂ ಇದ್ರೆ ನೋಡು. ಆಮೆ?"

ಸೊಸೆ ಈಗ ನಕ್ಕಳು. ಅಡುಗೆಮನೆಯಿಂದ ಹೆಂಡತಿ ಕೂಗಿದರು: "ರೀ, ಕಾಫಿ ಆರಿ ಹೋಗ್ತಿದೆ. ಇಬ್ಬರೂ ಎಲ್ಲಿದೀರಿ?"

"ಬರ್ತೀವಿ ಕಣೇ, ಸ್ವಲ್ಪ ಕಾಯಿ," ಎಂದರು ಮಾವ ಸೀಟಿನಿಂದಲೇ. "ಗಾಡಿ ಹಿಂದಕ್ಕೆ ಹೋಗ್ತಿದೆ."