ಒಂದು ದಿನದ ಮಟ್ಟಿಗೆ ತಂದ ಕುರ್ಚಿಗಳು

ನಮ್ಮ ಮಾಲೀಕ ದೇವಸುರೇಂದ್ರ ಮಹತ್ತಯನಿಗೆ ಕೆಲಸದವರ ಆರೋಗ್ಯದ ಮೇಲೆ ಪ್ರೀತಿ ಹುಟ್ಟಿದ್ದು ಡೆನ್ಮಾರ್ಕಿನಿಂದ ಒಂದು ಇಮೇಲ್ ಬಂದ ಮೇಲೆ. ಅದಕ್ಕೆ ಮೊದಲು ಶ್ರೀಲಂಕಾದ ಕುರುನೇಗಲದ ನಮ್ಮ ಆಫೀಸಿನಲ್ಲಿ ಆರೋಗ್ಯವಂತರು ಅಂದರೆ ರಜೆ ಕೇಳದವರು, ಅಷ್ಟೇ.

ನಾವೆಲ್ಲ ಹೆಂಗಸರೇ. ಡೆನ್ಮಾರ್ಕಿನ ಗೋದಾಮುಗಳಲ್ಲಿರುವ ಸಾಮಾನಿನ ಚಿತ್ರಗಳನ್ನು ಪರದೆಯ ಮೇಲೆ ನೋಡಿ ಅವುಗಳ ಬಣ್ಣ, ಅಳತೆ, ಆಕಾರವನ್ನು ಟೈಪು ಮಾಡುವುದು ಕೆಲಸ. ಕೂರುತ್ತಿದ್ದದ್ದು ಸಾವಿನ ಮನೆಗಳಿಗೆ ಬಾಡಿಗೆಗೆ ಹೋಗಿ ಹಳತಾದ ಬಿಳಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಮಹತ್ತಯನ (ಸಾಹೇಬರಿಗೆ ನಮ್ಮಲ್ಲಿ ಹಾಗನ್ನುತ್ತೇವೆ) ಭಾವಮೈದುನನ ಶಾಮಿಯಾನ ಅಂಗಡಿ ಮುಚ್ಚಿದಾಗ ಅವು ನಮ್ಮ ಪಾಲಿಗೆ ಬಂದಿದ್ದವು. ಮೇಜುಗಳು ಮೊಣಕಾಲಿಗಿಂತ ತುಸು ಎತ್ತರ. ಬೆನ್ನ ಹಿಂದಿನ ಕಿಟಕಿಗೆ ಪರದೆ ಬಟ್ಟೆ ಇರಲಿಲ್ಲ. ಮಧ್ಯಾಹ್ನವಾದರೆ ಊರ ಪಕ್ಕದ ಆತುಗಲ ಬಂಡೆಗೆ ಬಡಿದ ಬಿಸಿಲು ನೇರ ಕಂಪ್ಯೂಟರಿನ ಮೇಲೆ ಬಂದು, ಚಿತ್ರದ ಬದಲು ನಮ್ಮ ಮುಖವೇ ಕಾಣುತ್ತಿತ್ತು.

ಇಮೇಲಿನಲ್ಲಿದ್ದದ್ದು ಇಷ್ಟು. ಬರುವ ತಿಂಗಳು ಗಿರಾಕಿ ಕಂಪನಿಯ ಒಬ್ಬ ಹೆಂಗಸು ವಿಡಿಯೋದಲ್ಲಿ ನಮ್ಮ ಆಫೀಸು ನೋಡುತ್ತಾರೆ. ನಾವು ಹೇಗೆ ಕೂರುತ್ತೇವೆ, ಪರದೆ ಎಷ್ಟು ದೂರದಲ್ಲಿದೆ ಎಂದು ನಮ್ಮನ್ನೇ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಮಹತ್ತಯ ಇದನ್ನು ಓದಿ ಕುರ್ಚಿ ತರಿಸಲಿಲ್ಲ. ಇಂಗ್ಲಿಷ್ ಮೇಷ್ಟ್ರನ್ನು ತರಿಸಿದರು.

ಮೇಷ್ಟ್ರ ಹೆಸರು ಗುಣತುಂಗ. ಹುಡುಗಿಯರ ಶಾಲೆಯಲ್ಲಿ ಪದ್ಯ ಪಾಠ ಮಾಡಿ ನಿವೃತ್ತರಾದವರು. ಟೈ ಕಟ್ಟಿ ಕೊಡೆ ಹಿಡಿದು ಬರುತ್ತಿದ್ದರು. ಮೌಸ್ ಎಂಬ ಕಂಪ್ಯೂಟರಿನ ಇಲಿಯನ್ನು ಬೆರಳ ತುದಿಯಲ್ಲಿ, ಸತ್ತ ಇಲಿಯನ್ನು ಹಿಡಿದಂತೆಯೇ ಹಿಡಿಯುತ್ತಿದ್ದರು. ಆದರೆ ಪಾಠಕ್ಕೆ ಪುಸ್ತಕ ಬೇಡವೆಂಬುದು ಅವರಿಗೆ ಮೊದಲ ದಿನವೇ ಹೊಳೆಯಿತು. ಪರದೆಯ ಕೆಳಗಿನ ಗುಂಡಿ ಒತ್ತಿದರೆ ತೆರೆದುಕೊಳ್ಳುವ ಪಟ್ಟಿಯನ್ನೇ ಓದಿಸಿದರು. ಬ್ರೈಟ್‌ನೆಸ್, ಕಾಂಟ್ರಾಸ್ಟ್, ರೆಸಲ್ಯೂಷನ್. ಅಲ್ಲಿಂದ ಗ್ಲೇರ್, ಟಿಲ್ಟ್, ಪೋಸ್ಚರ್. ಕೊನೆಗೆ ಸೊಂಟಕ್ಕೆ ಆಸರೆ ಕೊಡುವ ಲಂಬರ್ ಸಪೋರ್ಟ್. ಅದನ್ನು ಹೇಳುವಾಗ ಅವರ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಪದ್ಯದ ಸಾಲಿಗೆ ಮುಚ್ಚಿಕೊಂಡಂತೆ.

ಆಮೇಲೆ ವಾಕ್ಯಗಳು. ಪರದೆಯ ಮೇಲಂಚು ನನ್ನ ಕಣ್ಣಿನ ಮಟ್ಟದಲ್ಲಿದೆ. ನನ್ನ ಪಾದಗಳು ನೆಲಕ್ಕೆ ತಾಗಿವೆ. ನಾನು ಆಗಾಗ ದೂರ ನೋಡುತ್ತೇನೆ. ನಾನು ಬೆನ್ನು ನೆಟ್ಟಗಿಟ್ಟು ಕೂರುತ್ತೇನೆ. ಇವನ್ನೆಲ್ಲ ಇಂಗ್ಲಿಷಿನಲ್ಲಿ ಒಕ್ಕೊರಲಿನಿಂದ ಹೇಳುತ್ತಿದ್ದೆವು, ಹೊಟ್ಟೆಯ ಮಟ್ಟದಲ್ಲಿದ್ದ ಪರದೆಗೆ ತಲೆ ಬಾಗಿಸಿಕೊಂಡು.

ನನ್ನ ಪಕ್ಕ ಕೂರುತ್ತಿದ್ದ ಸುಜೀವನಿ ಒಂದು ದಿನ ಕೈ ಎತ್ತಿದಳು. "ಸರ್, ಕಣ್ಣಿನ ಮಟ್ಟ ಅಂದ್ರಲ್ಲ, ಯಾರ ಕಣ್ಣು?"

"ವಾಕ್ಯದಲ್ಲಿರೋ ಕಣ್ಣು, ಮಗಳೇ," ಎಂದರು ಗುಣತುಂಗ. "ನಿನ್ನ ಕಣ್ಣಿನ ಸುದ್ದಿ ಇಲ್ಲಿ ಯಾರೆತ್ತಿದ್ರು?"

ಎಲ್ಲರೂ ನಕ್ಕೆವು. ಸುಜೀವನಿ ನಗಲಿಲ್ಲ. ಅವಳು ವಾರಿಯಪೊಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುವವಳು. ಕತ್ತಿನ ನೋವಿಗೆ ಮುಲಾಮು ಹಚ್ಚಿ ಹಚ್ಚಿ ಅವಳ ಸುತ್ತ ಸದಾ ಕರ್ಪೂರದ ವಾಸನೆ. ಎಡಗೈ ಬೆರಳುಗಳು ಜೋಮು ಹಿಡಿದಾಗ ಮೇಜಿನ ಅಂಚಿಗೆ ಕುಟ್ಟಿಕೊಂಡು ಮತ್ತೆ ಟೈಪು ಮಾಡುತ್ತಿದ್ದಳು. ಇಂಗ್ಲಿಷ್ ಪಾಠ ಎಂಬ ಈ ನಾಟಕವನ್ನು ನಿಜವೆಂದು ತಿಳಿದು ಕಲಿತವಳು ಅವಳೊಬ್ಬಳೇ. ನಾನು ಅದಕ್ಕೆ ಅವಳನ್ನು ಛೇಡಿಸಿದಾಗ ಅವಳು ಹೇಳಿದ ಮಾತು ನೆನಪಿದೆ. "ಈ ತೊಂದರೆಗೆಲ್ಲ ಇಂಗ್ಲಿಷಲ್ಲಿ ಹೆಸರಿಟ್ಟಿದ್ದಾರೆ ಅಂದ್ರೆ, ಇಂದ್ರಾಣಿ ಅಕ್ಕಾ, ಇದು ನಂಗೊಬ್ಬಳಿಗೇ ಬಂದಿದ್ದಲ್ಲ ಅಂತಾಯ್ತು. ನಾನು ಇಷ್ಟು ದಿನ ನನ್ನ ಮೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ."

ವಿಡಿಯೋದ ದಿನ ಬೆಳಿಗ್ಗೆ ಕೊಲಂಬೊದಿಂದ ಲಾರಿ ಬಂತು. ಕಪ್ಪು ಕುರ್ಚಿಗಳು, ಹಿಡಿ ಎಳೆದರೆ ಏರುವಂಥವು ಇಳಿಯುವಂಥವು. ಪರದೆಗಳ ಕೆಳಗಿಡಲು ಪೀಠಗಳು, ಪಾದ ಇಡಲು ಮಣೆಗಳು, ಕಿಟಕಿಗೆ ಬಟ್ಟೆ. ಎಲ್ಲವೂ ಒಂದು ದಿನದ ಬಾಡಿಗೆಗೆ. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಕಿತ್ತರೆ ಅಂಗಡಿಯವನು ತಕರಾರು ಮಾಡುತ್ತಾನೆ ಎಂದು ಮಹತ್ತಯ ಮೊದಲು ಎಚ್ಚರಿಸಿದರು. ಕೂತಾಗ ಅದು ಚರಪರ ಸದ್ದು ಮಾಡಿ ಡೆನ್ಮಾರ್ಕಿಗೆ ಕೇಳಿಸಿಬಿಡುತ್ತದೆ ಎಂದು ಹೊಳೆದ ಮೇಲೆ ತಾವೇ ಓಡಾಡಿ ಕೀಳಿಸಿದರು.

ನಾಟಕ ಸೊಗಸಾಗಿ ನಡೆಯಿತು. ಡೆನ್ಮಾರ್ಕಿನ ಹೆಂಗಸು ಒಳ್ಳೆಯವರು, ಕೇಳಿದ್ದನ್ನೆಲ್ಲ ನಂಬಿದರು. ನೋವು ಬಂದರೆ ಏನು ಮಾಡುತ್ತೀರಿ ಎಂದು ಸುಜೀವನಿಯನ್ನೇ ಕೇಳಿದರು. ದಿನಾ ಈ ಕುರ್ಚಿಯಲ್ಲೇ ಕೂರುತ್ತೇನೆ, ನೋವು ಬಂದರೆ ಅದನ್ನು ಸರಿಪಡಿಸಿಕೊಳ್ಳುತ್ತೇನೆ ಎಂದು ಅವಳು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಕ್ಯಾಮೆರಾದ ಹಿಂದೆ ಮಹತ್ತಯ ತಾವೇ ಅವಳನ್ನು ಹೆತ್ತವರಂತೆ ತಲೆದೂಗುತ್ತಿದ್ದರು. ಮುಗಿದ ಮೇಲೆ ಎಲ್ಲರಿಗೂ ಕಿರಿಬತ್ ಎಂಬ ಹಾಲನ್ನ ಹಂಚಿ, ನಾವು ಒಂದೇ ಸಂಸಾರ ಎಂದು ಭಾಷಣ ಮಾಡಿದರು. ಸಂಸಾರ ಸಂಜೆವರೆಗೂ ಟೈಪು ಮಾಡಿತು. ಬಸ್ಸಿಗೆಂದು ಎದ್ದಾಗ ನನ್ನ ಸೊಂಟ ಸುಮ್ಮನಿತ್ತು. ಅದು ಅಷ್ಟು ಸುಮ್ಮನಿದ್ದದ್ದು ಯಾವಾಗ ಎಂದು ನೆನಪಾಗಲಿಲ್ಲ.

ಮರುದಿನ ನಾವು ಕೆಲಸ ಶುರುಮಾಡಿದ ಸ್ವಲ್ಪ ಹೊತ್ತಿಗೆ ಲಾರಿ ವಾಪಸು ಬಂತು. ಮಹತ್ತಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ, ಎಲ್ಲರೂ ಏಳಿ, ನಮ್ಮ ಹಳೆ ಕುರ್ಚಿ ಬರ್ತಿವೆ ಎಂದರು. ಒಂದಿಬ್ಬರು ಎದ್ದರು. ಸುಜೀವನಿ ಏಳಲಿಲ್ಲ.

"ನಿಂಗೆ ಬೇರೆ ಹೇಳ್ಬೇಕಾ?" ಎಂದರು ಮಹತ್ತಯ.

"ನಾನು ಕೂತ್ಕೊಂಡಿದ್ದೀನಿ, ಮಹತ್ತಯ."

"ಕಾಣ್ತಿದೆ. ಅದಕ್ಕೇ ಏಳು ಅಂದಿದ್ದು."

"ನಿನ್ನೆ ಆ ಅಮ್ಮನ ಹತ್ರ ದಿನಾ ಇದರಲ್ಲೇ ಕೂರ್ತೀನಿ ಅಂದೆ. ನೀವು ತಲೆ ಆಡಿಸಿದ್ರಿ. ಈಗ ಎದ್ರೆ ನಾನು ಸುಳ್ಳುಗಾತಿ ಆಗ್ತೀನಿ. ನೀವೂ ಆಗ್ತೀರಿ."

ಮಾತಾಡುವಾಗಲೂ ಅವಳ ಕೈ ಟೈಪು ಮಾಡುತ್ತಲೇ ಇತ್ತು. ಎದ್ದಿದ್ದವರು ಒಬ್ಬೊಬ್ಬರಾಗಿ ಕೂತರು. ನಾನಂತೂ ಎದ್ದೇ ಇರಲಿಲ್ಲ; ಅದು ಧೈರ್ಯವಲ್ಲ, ಸೊಂಟ ಒಪ್ಪಲಿಲ್ಲ.

ಅಷ್ಟರಲ್ಲಿ ನಮಗೆ ಹೋಗಿಬರುತ್ತೇನೆಂದು ಹೇಳಲು ಗುಣತುಂಗ ಮೇಷ್ಟ್ರು ಬಂದರು. ಮಹತ್ತಯನಿಗೆ ಆಸರೆ ಸಿಕ್ಕಿದಂತಾಯಿತು. ನೀವಾದರೂ ಇವರಿಗೆ ಬುದ್ಧಿ ಹೇಳಿ, ನೀವು ಕಲಿಸಿದ್ದು ಬರೀ ನಿನ್ನೆಗೆ ಅಂತ ತಿಳಿಸಿ ಎಂದರು. ಮೇಷ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿ ಯೋಚಿಸಿದರು.

"ಅದು ಆಗಲ್ಲ, ಮಹತ್ತಯ," ಎಂದರು. "ನಾನು ಕಲಿಸಿದ ವಾಕ್ಯ 'ಐ ಸಿಟ್' ಅಂತ. ಅಂದ್ರೆ ದಿನಾ ಕೂರ್ತೀನಿ, ಅದು ನನ್ನ ಅಭ್ಯಾಸ ಅಂತ ಅರ್ಥ. ನಿಮಗೆ ಇವತ್ತೊಂದಿನ ಮಾತ್ರ ಅನ್ನೋ ಅರ್ಥ ಬೇಕಿದ್ರೆ ಮೊದಲೇ ಹೇಳ್ಬೇಕಿತ್ತು. ಬೇರೆ ಕಾಲ ಕಲಿಸ್ತಿದ್ದೆ."

ಇದನ್ನು ನಮ್ಮ ಮೇಲಿನ ಕರುಣೆಯಿಂದ ಹೇಳಿದರೆಂದು ಯಾರೂ ಭ್ರಮಿಸಬೇಕಿಲ್ಲ. ನಮ್ಮ ಬೆನ್ನು ಮುರಿದರೂ ಅವರಿಗೆ ಬೇಸರವಿರಲಿಲ್ಲ, ವ್ಯಾಕರಣ ಮುರಿಯಬಾರದಿತ್ತು. ಅವರು ನಮಸ್ಕಾರ ಹೇಳಿ ಹೊರಟೇಬಿಟ್ಟರು.

ಮಹತ್ತಯ ಬೆದರಿಸಿದರು, ಬೇರೆಯವರನ್ನು ತರುತ್ತೇನೆ ಎಂದರು. ಆದರೆ ಸಂಜೆಯೊಳಗೆ ಡೆನ್ಮಾರ್ಕಿಗೆ ಹೋಗಬೇಕಾದ ಕೆಲಸ ನಮ್ಮ ಕೈಯಲ್ಲಿತ್ತು, ನಾವು ಅದನ್ನು ನಿಲ್ಲಿಸದೆ ಮಾಡುತ್ತಿದ್ದೆವು. ಕೆಲಸ ಮಾಡುತ್ತಿರುವವರನ್ನು ಎಬ್ಬಿಸಿ ಕೆಲಸ ನಿಲ್ಲಿಸುವಷ್ಟು ಶ್ರೀಮಂತರು ಅವರಲ್ಲ. ಊಟಕ್ಕೂ ಒಬ್ಬರು ಎದ್ದರೆ ಪಕ್ಕದವಳು ಆ ಕುರ್ಚಿಯ ಮೇಲೆ ಕಾಲಿಟ್ಟುಕೊಂಡಿರುತ್ತಿದ್ದಳು. ಲಾರಿಯವನು ಬೆಲ್ಲ ಕಚ್ಚಿಕೊಂಡು ಕಪ್ಪು ಟೀ ಕುಡಿದು, ಇಲ್ಲಿ ಮದುವೆಯೂ ಇಲ್ಲ ಸಾವೂ ಇಲ್ಲ, ಕುರ್ಚಿಗೆ ಇಷ್ಟೊಂದು ಜಗಳ ಎಲ್ಲೂ ನೋಡಿಲ್ಲ ಎಂದು ಖಾಲಿ ಲಾರಿ ಹೊಡೆದುಕೊಂಡು ಹೋದ. ಒಳಕೋಣೆಯಿಂದ ಮಹತ್ತಯ ಅಂಗಡಿಯವನೊಂದಿಗೆ ಫೋನಿನಲ್ಲಿ ಚೌಕಾಸಿ ಮಾಡುವುದು ಕೇಳಿಸುತ್ತಿತ್ತು. ಬಳಸಿದ ಮಾಲು, ಹೊದಿಕೆ ಬೇರೆ ಕಿತ್ತುಹೋಗಿದೆ, ಬೆಲೆ ಇಳಿಸಿ ಕೊಡಿ ಎನ್ನುತ್ತಿದ್ದರು.

ಕುರ್ಚಿಗಳು ಉಳಿದವು. ಕೆಲವು ತಿಂಗಳ ಮೇಲೆ ಒಂದು ಪತ್ರಿಕೆಯವರು ಬಂದರು. ಕೆಲಸದವರ ಕತ್ತು ನೋವು ಕಂಡು ತಮಗೆ ನಿದ್ದೆ ಬರುತ್ತಿರಲಿಲ್ಲವೆಂದೂ, ಯಾರೂ ಕೇಳದಿದ್ದರೂ ತಾವೇ ಮುಂದಾಗಿ ಈ ಏರ್ಪಾಡು ಮಾಡಿದ್ದೆಂದೂ ಮಹತ್ತಯ ಅವರಿಗೆ ಹೇಳಿದರು. ಪಟ ತೆಗೆಯುವಾಗ ಸುಜೀವನಿಯ ಕುರ್ಚಿಯಲ್ಲೇ ಕೂತರು. ಕುರ್ಚಿ ಇಳಿಸುವ ಹಿಡಿ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಪತ್ರಿಕೆಯ ಪಟದಲ್ಲಿ ಅವರ ಕಾಲುಗಳು ನೆಲಕ್ಕೆ ಎಟುಕದೆ ಜೋತಾಡುತ್ತಿವೆ. ನಾವ್ಯಾರೂ ತೋರಿಸಿಕೊಡಲಿಲ್ಲ.

ಸುಜೀವನಿಯ ಕತ್ತು ಬಹಳಮಟ್ಟಿಗೆ ಸರಿಹೋಯಿತು. ಬೆರಳಿನ ಜೋಮು ಹೋಗಲಿಲ್ಲ. ದೊಡ್ಡಾಸ್ಪತ್ರೆಯ ವೈದ್ಯರು ನೋಡಿ, ಇನ್ನೂ ಮೊದಲೇ ಬರಬೇಕಿತ್ತು ಎಂದರಂತೆ. ಈಗ ಎಡಗೈಗೆ ಪಟ್ಟಿ ಕಟ್ಟಿಕೊಂಡು ಟೈಪು ಮಾಡುತ್ತಾಳೆ. ಯಾರಾದರೂ ಆಫೀಸು ನೋಡಲು ಬಂದರೆ ಮಹತ್ತಯ ಅವರನ್ನು ಮೊದಲು ಕರೆತರುವುದು ಅವಳ ಮೇಜಿನ ಬಳಿಗೇ. ನಮ್ಮಲ್ಲಿ ಕೈಗೆ ಪಟ್ಟಿಯನ್ನೂ ಕೊಡುತ್ತೇವೆ ಎನ್ನುತ್ತಾರೆ. ಪಟ್ಟಿ ಅವಳೇ ಪೇಟೆಯಲ್ಲಿ ಕೊಂಡದ್ದು.